ಹೊಯ್ಸಳ ರೂವಾರಿಗಳ ಹೆಸರು: ಶಾಸನದ ಪಾಠ ಆನ್‌ಲೈನ್‌ನಲ್ಲಿ ಎಲ್ಲಿದೆ?

ಪ್ರಶ್ನೆ (ಹಾಳೆಮನೆ)
ಬೇಲೂರು, ಸೋಮನಾಥಪುರದ ಶಿಲ್ಪಗಳ ಕೆಳಗೆ ರೂವಾರಿಗಳು (ಶಿಲ್ಪಿಗಳು) ಕೆತ್ತಿಕೊಂಡ ಹೆಸರುಗಳ ಬಗ್ಗೆ ಬರೆಯಬೇಕಿದೆ. ದಾಸೋಜ, ಚಾವಣ, ಮಲ್ಲಿತಮ್ಮ ಅಂತ ಎಲ್ಲರೂ ಬರೀತಾರೆ, ಪಾಠ, ಅಂದರೆ ಕಲ್ಲಿನಲ್ಲಿರುವ ಮೂಲ ಬರಹ, ಯಾರೂ ಕೊಡಲ್ಲ. ಅಡಿಟಿಪ್ಪಣಿಯಲ್ಲಿ 'ಎ.ಕ. 5, ಬೇಲೂರು 58' ಅಂತ ನೋಡಿ 5ನೇ ಸಂಪುಟ ಇಳಿಸಿಕೊಂಡರೆ ಅದರಲ್ಲಿ ಬೇಲೂರೇ ಇಲ್ಲ. ಎಲ್ಲಿ ಎಡವುತ್ತಿದ್ದೇನೆ?

ಕಲ್ಬರಹ
ನಿಮ್ಮ ಕೈಗೆ ಬಂದಿರೋದು ಪರಿಷ್ಕೃತ ಆವೃತ್ತಿ. 'ಎ.ಕ.' ಅಂದರೆ ಎಪಿಗ್ರಾಫಿಯ ಕರ್ನಾಟಿಕ, ಶಾಸನಗಳ ಸಂಪುಟಮಾಲೆ; ಅದಕ್ಕೆ ಎರಡು ಸರಣಿ ಇವೆ. ಬಿ. ಎಲ್. ರೈಸ್ ಅವರ ಹಳೆಯದರಲ್ಲಿ 5 ಅಂದರೆ ಇಡೀ ಹಾಸನ ಜಿಲ್ಲೆ (1902). ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಸರಣಿಯಲ್ಲಿ ಬೇಲೂರು ಇರೋದು 9ರಲ್ಲಿ. ಶಾಸನ ಸಂಖ್ಯೆಗಳೂ ಬದಲಾಗಿವೆ. ಹೊಸದರಲ್ಲಿ ಹಳೇ ಸಂಖ್ಯೆಯನ್ನೂ ಕೊಟ್ಟಿರೋದರಿಂದ 9ನೇ ಸಂಪುಟದಲ್ಲಿ ಹಳೇ 58 ಹುಡುಕಿ. ಪಾಠಕ್ಕೆ ಹೊಸದನ್ನೇ ನೆಚ್ಚಿಕೊಳ್ಳಿ, ರೈಸ್ ಇಂಗ್ಲಿಷ್ ಅನುವಾದಕ್ಕಿರಲಿ. ಉಲ್ಲೇಖಿಸುವಾಗ 'ಪರಿಷ್ಕೃತ' ಅಂತ ಸೇರಿಸಿ, ಇಲ್ಲದಿದ್ದರೆ ಮುಂದಿನವರೂ ಇದೇ ಗುಂಡಿಗೆ ಬೀಳ್ತಾರೆ.

ಪುಟತಿರುವಿ
ಹಳೇ ಪುಸ್ತಕಗಳ ಸ್ಕ್ಯಾನ್ ಸಿಗುವ ಆರ್ಕೈವ್ ಡಾಟ್ ಆರ್ಗ್ ತಾಣದಲ್ಲಿ ಒಂದೇ ಸಂಪುಟದ ಹಲವು ಸ್ಕ್ಯಾನ್ ಇರುತ್ತವೆ, ಮೊದಲು ಸಿಕ್ಕಿದ್ದನ್ನು ಇಳಿಸಿಕೊಳ್ಳಬೇಡಿ. ಕಡತದ ಗುರುತಿನಲ್ಲಿ (ಐಡೆಂಟಿಫೈಯರ್) 'ಇನ್ ಡಾಟ್ ಅರ್ನೆಟ್ ಡಾಟ್ ಡಿಎಲ್ಐ' ಇದ್ದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಹಳೇ ಸ್ಕ್ಯಾನ್. ಅವುಗಳಲ್ಲಿ ಬಹಳಷ್ಟು ಬರೀ ಕಪ್ಪು-ಬಿಳುಪು, ಚಿತ್ರಫಲಕ ಮಸಿ ಚೆಲ್ಲಿದ ಹಾಗೆ ಕಾಣುತ್ತೆ. ಹೆಸರೂ ತಪ್ಪು ಕಾಗುಣಿತದಲ್ಲಿರಬಹುದು.

ಒಳ್ಳೇ ಸ್ಕ್ಯಾನ್ ಸಿಕ್ಕ ಮೇಲೂ ಪಿಡಿಎಫ್ ಬೇಡ. ಅದನ್ನು ವಿಪರೀತ ಹಿಂಡಿರುತ್ತಾರೆ, ಅನುಸ್ವಾರ ಯಾವುದು, ಕಾಗದದ ಕಲೆ ಯಾವುದು ಗೊತ್ತಾಗಲ್ಲ. ಡೌನ್‌ಲೋಡ್ ಪಟ್ಟಿಯಲ್ಲಿ 'ಶೋ ಆಲ್' ಒತ್ತಿ ಜೆಪಿ2 ಜಿಪ್ (ಪುಟಗಳ ಸ್ಪಷ್ಟ ಚಿತ್ರಗಳ ಕಟ್ಟು) ತಗೊಳ್ಳಿ.

ಕಲ್ಬರಹ
ಹುಡುಕುಪದದ ವಿಷಯ. ಓಸಿಆರ್ (ಸ್ಕ್ಯಾನಿನ ಅಕ್ಷರ ಓದುವ ತಂತ್ರಾಂಶ) ಹಳೇ ಕನ್ನಡ ಅಚ್ಚನ್ನು ಓದುವಷ್ಟರಲ್ಲಿ ಅರ್ಧ ಕೆಡಿಸಿರುತ್ತೆ. ಮೇಲಾಗಿ ಶಾಸನದಲ್ಲಿ 'ಮಲ್ಲಿತಂಮ' ಎಂಬಂಥ ಬರಹ, ಎಷ್ಟೋ ಶಿಲ್ಪದ ಕೆಳಗೆ ಬರೀ 'ಮಲ್ಲಿ', ಇಲ್ಲವೇ 'ಮ'. ಒಂದೇ ಅಕ್ಷರವನ್ನು ಯಾವ ಯಂತ್ರ ಹುಡುಕೀತು? ಅಲ್ಲಿ ಪುಟ ತಿರುವಲೇಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿ ಹಳೇಬೀಡಿಗೆ 'ಹಳೇಬಿಡ್', 'ಹುಲ್ಲಾಬೀಡ್' ಅಂತೆಲ್ಲ ಹಾಕಿ ನೋಡಿ.

ಫಲಕಪ್ರಿಯ
ರೂವಾರಿಗಳ ವಿಷಯಕ್ಕೆ ನೇರ ದಾರಿ ಆರ್. ನರಸಿಂಹಾಚಾರ್ ಅವರ ಕಿರುಹೊತ್ತಗೆಗಳು: ಸೋಮನಾಥಪುರ 1917, ಬೇಲೂರು 1919. ಎರಡೂ ಆರ್ಕೈವ್‌ನಲ್ಲಿ ಸಿಗುತ್ತವೆ. ಯಾವ ವಿಗ್ರಹ ಯಾರ ಕೈಯದು ಅಂತ ಹೇಳುತ್ತಾರೆ, ನಾನಾದರೆ ಇಲ್ಲಿಂದಲೇ ಶುರುಮಾಡಿ ಆಮೇಲೆ ಶಾಸನ ಸಂಪುಟಕ್ಕೆ ಹೋಗುತ್ತಿದ್ದೆ. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ನೋಡಿ. ನರಸಿಂಹಾಚಾರ್ ಕಾಲದ ವರದಿ ಜೂನ್ 30ಕ್ಕೆ ಮುಗಿಯುವ ವರ್ಷದ್ದು, ಹಾಗಾಗಿ '1911' ಅಂದರೆ 1910-11.

ಹಳೇ ಫೋಟೋ ಬೇಕಿದ್ದರೆ ಮೆಡೋಸ್ ಟೇಲರ್, ಫರ್ಗ್ಯುಸನ್ ಬರಹವಿರುವ ಧಾರವಾಡ-ಮೈಸೂರು ವಾಸ್ತುಶಿಲ್ಪದ 1866ರ ಸಂಪುಟವಿದೆ.

ಹಾಳೆಮನೆ
ಹಳೇ 58 ಹಿಡಿದುಕೊಂಡು 9ರಲ್ಲಿ ಹುಡುಕಿದೆ, ಸಿಕ್ಕಿತು. ಶಕ ವರ್ಷ 1039, ಹೇಮಲಂಬಿ ಸಂವತ್ಸರ, ಚೈತ್ರ ಅಂದರೆ ಕ್ರಿ.ಶ. 1117 ತಾನೆ?

ಕಲ್ಬರಹ
ಹೌದು, 78 ಕೂಡಿಸಿ. ತಿಂಗಳು ಪುಷ್ಯ, ಮಾಘ, ಫಾಲ್ಗುಣ ಇದ್ದಾಗ ಮಾತ್ರ ಹುಷಾರು, ಇಸವಿ ಒಂದು ಮುಂದೆ ಹೋಗಬಹುದು.