ಮಿರರ್ ದೋಣಿ: ತಾಮ್ರದ ತಂತಿ ಯಾವಾಗ ತೆಗೆಯಬೇಕು?

ನೀಲಿಹಾಯಿ: ಇಂಗ್ಲೆಂಡಿನಲ್ಲಿದ್ದೇವೆ. ನಾನೂ ನಮ್ಮ ಯಜಮಾನರೂ ಸೇರಿ ಗ್ಯಾರೇಜಿನಲ್ಲಿ ಮಿರರ್ ಹಾಯಿದೋಣಿ ಕಟ್ಟುತ್ತಿದ್ದೇವೆ, ಅದೇ 1960ರ ದಶಕದಲ್ಲಿ ಜ್ಯಾಕ್ ಹೋಲ್ಟ್, ಬ್ಯಾರಿ ಬಕ್ನೆಲ್ ರೂಪಿಸಿದ 3.3 ಮೀಟರಿನ ಪುಟ್ಟ ದೋಣಿ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದಾಯಿತು. ಅವರು ಒಳಗಿಂದ ತಂತಿ ತೂರಿಸಿದರು, ನಾನು ಹೊರಗೆ ತಿರುಚಿದೆ. ಈಗ ತಂತಿ ತೆಗೆಯಬಹುದಾ?

ಕಡಲಂಚು: ಈಗಲೇ ಬೇಡ! ಮೊದಲು ಒಳಗಿನ ಸಂದುಗಳಿಗೆ ಎಪಾಕ್ಸಿ ಅಂಟು, ಗ್ಲಾಸ್ ಟೇಪ್ (ಗಾಜಿನ ನಾರಿನ ಪಟ್ಟಿ) ಹಾಕಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಹೊರಗಿನ ತಂತಿ ಕತ್ತರಿಸಿ, ಉಜ್ಜಿ, ಆಮೇಲೆ ಹೊರಗೂ ಟೇಪ್ ಹಾಕಿ. ಅದಕ್ಕೂ ಮುಂಚೆ ಎಡಬಲ ಎರಡೂ ಕಡೆ ಅಳತೆ ಸಮ ಇದೆಯಾ ನೋಡಿ. ಅಂಟು ಬಿದ್ದ ಮೇಲೆ ಸೊಟ್ಟ ತಿದ್ದೋದು ತುಂಬಾ ಕಷ್ಟ.

ಉಳಿಸುತ್ತಿಗೆ: ಚಳಿಯಲ್ಲಿ ಎಪಾಕ್ಸಿ ಗಟ್ಟಿಯಾಗಲು ಜಾಸ್ತಿ ಹೊತ್ತು ಬೇಕು. ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ಅಲರ್ಜಿ ಆಗಬಹುದು.

ನೀಲಿಹಾಯಿ: ಅಳೆದೆವು, 8 ಮಿಲಿಮೀಟರ್ ವ್ಯತ್ಯಾಸ ಇದೆ. ಅದನ್ನು ಸರಿಮಾಡಲು ಇವತ್ತೇ ತಂತಿ ಸಡಿಲಿಸುತ್ತೇವೆ.