ಗೋಥಿಯಾ ಕಪ್ ಹುಟ್ಟಿ ಬೆಳೆದದ್ದು ಹೇಗೆ?

ಪ್ರಶ್ನೆ (ದೈಹಿಕ ಶಿಕ್ಷಕ, ಕಲಬುರಗಿ)
ನಮ್ಮ ಶಾಲೆಯ ಮಕ್ಕಳು ಸಂಜೆ ಎನ್.ವಿ. ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಾರೆ. ಮೊನ್ನೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಾಯಿಬಿಟ್ಟ ಬೂಟಿಗೆ ಸುತಳಿ ಬಿಗಿಯುತ್ತಲೇ, “ಸರ್, ನಮ್ಮ ವಯಸ್ಸಿನವರಿಗೂ ವಿಶ್ವಕಪ್ ಇದೆಯೇ?” ಎಂದು ಕೇಳಿದಳು. ಸ್ವೀಡನ್ನಿನ ಗೋಥಿಯಾ ಕಪ್ ಇದೆ ಎಂದೆ. ಅದರ ಇತಿಹಾಸವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬೀದರ್)
ಸರ್, ಈ ಪಂದ್ಯಾವಳಿ 1975ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಆರಂಭವಾಯಿತು, ಅಲ್ಲಿನ ಬಿ.ಕೆ. ಹೆಕನ್ ಕ್ಲಬ್ ಇದನ್ನು ನಡೆಸುತ್ತದೆ. ಮೊದಲ ವರ್ಷ 275 ತಂಡಗಳಿದ್ದವು, ಈಗ ಸಾವಿರದ ಗಡಿ ದಾಟಿವೆ. ಇಷ್ಟು ಮಕ್ಕಳಿಗೆ ವಸತಿ ಒದಗಿಸುವುದು ಹೇಗೆಂಬ ಪ್ರಶ್ನೆಗೆ ಅವರು ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾಗಿದೆ: ಜುಲೈ ತಿಂಗಳು ಅಲ್ಲಿ ಬೇಸಿಗೆ ರಜೆಯಾದ್ದರಿಂದ, ಬಹಳಷ್ಟು ತಂಡಗಳು ಖಾಲಿಯಿರುವ ಶಾಲೆಗಳ ತರಗತಿ ಕೋಣೆಗಳಲ್ಲೇ ಹಾಸಿಗೆ ಹಾಸಿಕೊಂಡು ತಂಗುತ್ತವೆ. ಉದ್ಘಾಟನೆ ಉಲ್ಲೇವಿ ಕ್ರೀಡಾಂಗಣದಲ್ಲಿ ನಡೆಯುತ್ತದೆ. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಮಾತ್ರ ನಡೆಯಲಿಲ್ಲ.

ಉತ್ತರ 2 (ಯಾದಗಿರಿ)
ಮೇಲಿನವರ ಮಾತಿಗೆ ಒಂದೆರಡು ಸೇರಿಸುತ್ತೇನೆ. ಇಟಲಿಯ ಹೆಸರಾಂತ ಫುಟ್‌ಬಾಲ್ ಆಟಗಾರ ಆಂದ್ರೆಯಾ ಪಿರ್ಲೊ ಬಾಲಕನಾಗಿದ್ದಾಗ ಇಲ್ಲಿ ಆಡಿದ್ದರು. ನಮಗೆ ಹೆಚ್ಚು ಹತ್ತಿರದ ಸಂಗತಿಯೆಂದರೆ, ಪಂಜಾಬಿನ ಮಿನರ್ವಾ ಅಕಾಡೆಮಿಯ ಹುಡುಗರು 2023ರಲ್ಲಿ 13 ವರ್ಷದೊಳಗಿನವರ ವಿಭಾಗದ ಕಪ್ಪನ್ನೇ ಗೆದ್ದು ತಂದರು. ಬಾಲಕಿಯರಿಗೂ ಅಲ್ಲಿ ಪ್ರತ್ಯೇಕ ವಿಭಾಗಗಳಿವೆ. ಇದನ್ನು ಆ ಹುಡುಗಿಗೆ ತಪ್ಪದೆ ಹೇಳಿರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಶರಣು. ನಾಳೆ ಅಭ್ಯಾಸಕ್ಕೆ ಮುನ್ನ ಮಕ್ಕಳನ್ನೆಲ್ಲ ಕೂಡಿಸಿ ಹೇಳುತ್ತೇನೆ.