ಕೌಂಟರ್ ಕೆಳಗಿನ ಫ್ರೀಜರ್: ಜಾಗ, ವೈರಿಂಗ್, ಮತ್ತೆ ಮತ್ತೆ "ಗ್ಯಾಸ್ ಕಮ್ಮಿ"

ಉಗ್ರಾಣ_ಕೀಲಿ

ನಮಸ್ಕಾರ. ಅಡುಗೆಮನೆಯಲ್ಲಿ ಎರಡು ಬಾಗಿಲಿನ ಅಂಡರ್‌ಕೌಂಟರ್ ಫ್ರೀಜರ್ ಕೂರಿಸಬೇಕಿದೆ. ಯಂತ್ರದ ಅಗಲ 1200, ಆಳ 700, ಎತ್ತರ 850 ಮಿ.ಮೀ. ಕಲ್ಲಿನ ಕೌಂಟರ್ ಕೆಳಗೆ ಸಿಗುವ ಜಾಗ 1230 ಅಗಲ, 720 ಆಳ, 865 ಎತ್ತರ. ಎಡಗಡೆ ಕರಿಯುವ ಒಲೆ, ಬಲಗಡೆ ಸಿಂಕ್. ಯಂತ್ರದ ಫಲಕದಲ್ಲಿ ಆರ್-290, 110 ಗ್ರಾಂ ಅಂತಿದೆ, ಪಕ್ಕದಲ್ಲೇ ಬೆಂಕಿಯ ಗುರುತಿನ ಹಳದಿ ತ್ರಿಕೋನ.

ಈ ಜಾಗ ಸಾಕಾ? ಹತ್ತಿರದಲ್ಲಿ ಪ್ಲಗ್ ಇಲ್ಲ, ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕೊಡಬಹುದಾ? ಉರಿಯುವ ಗ್ಯಾಸ್ ಇರುವ ಯಂತ್ರವನ್ನು ಒಲೆ ಪಕ್ಕ ಇಡಬಹುದಾ?

ಇನ್ನೊಂದು ಪ್ರಶ್ನೆ. ಈಗಿರುವ ಹಳೆಯ ಫ್ರೀಜರ್ (ಆರ್-404ಎ ಅನ್ನೋ ಉರಿಯದ ಗ್ಯಾಸಿನದು) ಮೈನಸ್ 18ಕ್ಕೆ ಇಟ್ಟರೂ ಮೈನಸ್ 11ಕ್ಕಿಂತ ಕೆಳಗೆ ಇಳಿಯುತ್ತಿಲ್ಲ, ಕಂಪ್ರೆಸರ್ ನಿಲ್ಲೋದೇ ಇಲ್ಲ. "ಗ್ಯಾಸ್ ಕಮ್ಮಿಯಾಗಿದೆ" ಅಂತ ಪ್ರತಿ ವರ್ಷ ತುಂಬಿಸಲಾಗುತ್ತಿದೆ. ಗ್ಯಾಸ್ ಅಷ್ಟು ಬೇಗ ಖರ್ಚಾಗುತ್ತಾ?

ತಾಮ್ರದ_ಕೊಳವೆ

ಸರ್, ಜಾಗ ಸಾಕೋ ಇಲ್ಲವೋ ಅನ್ನೋದನ್ನು ಯಂತ್ರ ಎಲ್ಲಿಂದ ಉಸಿರಾಡುತ್ತೆ ಅನ್ನೋದರ ಮೇಲೆ ಹೇಳಬೇಕು, ಬರೀ ಅಗಲ ಆಳದ ಮೇಲಲ್ಲ. ಕಂಡೆನ್ಸರ್‌ನ ಜಾಲರಿ ನೋಡಿ. ಗಾಳಿ ಒಳಗೆ ಹೋಗುವುದೂ ಹೊರಗೆ ಬರುವುದೂ ಎರಡೂ ಮುಂಭಾಗದಲ್ಲೇ ಇದ್ದರೆ ನಿಮ್ಮ 1230ರ ಜಾಗದಲ್ಲಿ ಆರಾಮಾಗಿ ಕೂರುತ್ತೆ. ಮುಂದಿನಿಂದ ಎಳೆದು ಹಿಂದಕ್ಕೋ ಪಕ್ಕಕ್ಕೋ ಬಿಡುವ ಮಾದರಿಯಾದರೆ ಹಿಂದೆ ಉಳಿದಿರುವ 20 ಮಿ.ಮೀ. ಏನೇನೂ ಸಾಲದು. ಎಷ್ಟು ಬಿಡಬೇಕು ಅಂತ ಅದರ ಕೈಪಿಡಿಯಲ್ಲೇ ಇರುತ್ತೆ. ಅಷ್ಟು ಬಿಡೋಕೆ ಆಗದಿದ್ದರೆ ಆ ಮಾದರಿ ಆ ಜಾಗಕ್ಕೆ ಬೇಡ.

ಕಾರಣ ಇಷ್ಟೇ. ಒಳಗಿನ ಬಿಸಿಯನ್ನು ತೆಗೆದು ಹೊರಗೆ ಹಾಕುವುದು ಕಂಡೆನ್ಸರ್ ಕೆಲಸ. ಹಾಕಿದ ಬಿಸಿ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಕೌಂಟರ್ ಕೆಳಗೇ ಸುತ್ತಿ ಮತ್ತೆ ಜಾಲರಿಗೆ ಬರುತ್ತೆ. ಕೋಣೆ 30 ಡಿಗ್ರಿ ಇದ್ದರೂ ಯಂತ್ರದ ಪಾಲಿಗೆ 42, 45 ಆಗಿರುತ್ತೆ. ಕೂರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ: ಬಾಗಿಲು ತೆಗೆಯದೆ ಒಂದು ಗಂಟೆ ಓಡಲಿ, ಆಮೇಲೆ ಗಾಳಿ ಒಳಗೆ ಹೋಗುವ ಜಾಲರಿಯ ಮುಂದೆ ಒಂದು ಥರ್ಮಾಮೀಟರ್, ಕೋಣೆಯ ನಡುವೆ ಇನ್ನೊಂದು. ಜಾಲರಿಯ ಹತ್ತಿರ 5 ಡಿಗ್ರಿ ಹೆಚ್ಚು ತೋರಿಸಿದರೆ ತನ್ನ ಬಿಸಿಯನ್ನೇ ತಾನು ಮತ್ತೆ ಎಳೆದುಕೊಳ್ಳುತ್ತಿದೆ ಅಂತಲೇ ಅರ್ಥ. ಇನ್ನು, ಚೆಂದ ಕಾಣಲಿ ಅಂತ ಜಾಲರಿಯ ಮುಂದೆ ಮರದ ಪಟ್ಟಿ ಹೊಡೆಸುವವರು ಇದ್ದಾರೆ. ದಯವಿಟ್ಟು ಬೇಡ.

ಕರಿಯುವ ಒಲೆಯ ವಿಚಾರದಲ್ಲಿ ಶಾಖಕ್ಕಿಂತ ನನಗೆ ಭಯ ಎಣ್ಣೆ ಹಬೆಯದ್ದು. ಅದು ಕಂಡೆನ್ಸರ್ ರೆಕ್ಕೆಗಳ ಮೇಲೆ ಜಿಡ್ಡಾಗಿ ಕೂರುತ್ತೆ, ಜಿಡ್ಡಿಗೆ ಹಿಟ್ಟು ಧೂಳು ಮೆತ್ತಿಕೊಳ್ಳುತ್ತೆ. ಇಂಥ ಫ್ರೀಜರ್‌ಗಳಲ್ಲಿ ಕಂಪ್ರೆಸರ್ ಗೂಡು ಸಾಮಾನ್ಯವಾಗಿ ಒಂದು ಬದಿಗೆ ಇರುತ್ತೆ. ನಿಮ್ಮದರಲ್ಲಿ ಅದು ಬಲಕ್ಕೆ, ಅಂದರೆ ಸಿಂಕ್ ಕಡೆಗೆ ಬರುವ ಮಾದರಿಯನ್ನೇ ಕೇಳಿ ತರಿಸಿ. ಒಲೆಗೂ ಫ್ರೀಜರ್‌ಗೂ ನಡುವೆ ಪಾತ್ರೆ ಇಡುವ ಕಪಾಟು ಬಂದರೆ ಇನ್ನೂ ಒಳ್ಳೆಯದು. ಫಲಕದಲ್ಲಿ ಹವಾಮಾನ ವರ್ಗವನ್ನೂ ನೋಡಿಕೊಳ್ಳಿ. ವರ್ಗ 4 ಅಂದರೆ 30 ಡಿಗ್ರಿ, ಶೇ. 55 ತೇವಾಂಶದಲ್ಲಿ ಪರೀಕ್ಷೆ ಆಗಿರುವುದು. ವರ್ಗ 5 ಅಂದರೆ 40 ಡಿಗ್ರಿ, ಶೇ. 40. ಕರಿಯುವ ಒಲೆ ಇರುವ ಅಡುಗೆಮನೆಗೆ 5 ಬೇಕು.

ಯಂತ್ರ ಬಂದ ದಿನ: ಮಲಗಿಸಿ ತಂದಿದ್ದರೆ ನೆಟ್ಟಗೆ ನಿಲ್ಲಿಸಿ 24 ಗಂಟೆ ಬಿಡಿ. ಕಂಪ್ರೆಸರ್ ಎಣ್ಣೆ ಕೊಳವೆಗೆ ಹರಿದಿರುತ್ತೆ, ಅದು ವಾಪಸ್ ಇಳಿಯಬೇಕು. ರಸಮಟ್ಟ ಇಟ್ಟು ಎಡಬಲ ಸರಿ ಮಾಡಿ, ಮುಂಭಾಗ ಒಂದು ಕೂದಲೆಳೆಯಷ್ಟು ಎತ್ತರ ಇರಲಿ, ಬಾಗಿಲು ತಾನಾಗೇ ಮುಚ್ಚಿಕೊಳ್ಳುತ್ತೆ. ಗಾಲಿ ಇದ್ದರೆ ಮುಂದಿನ ಎರಡಕ್ಕೂ ಬ್ರೇಕ್ ಹಾಕಿ. ಖಾಲಿ ಓಡಿಸಿ ಮೈನಸ್ 18 ತಲುಪಿದ ಮೇಲೆ ಸಾಮಾನು ತುಂಬಿ, ಅದೂ ಈಗಾಗಲೇ ಹೆಪ್ಪುಗಟ್ಟಿದ್ದನ್ನು. ಇದು ಹೆಪ್ಪುಗಟ್ಟಿದ್ದನ್ನು ಕಾಯುವ ಪೆಟ್ಟಿಗೆ. ಬಿಸಿ ಪಾತ್ರೆಯನ್ನು ಹೆಪ್ಪುಗಟ್ಟಿಸುವ ಶಕ್ತಿ ಇದಕ್ಕಿಲ್ಲ.

ಮೂರನೇ_ಪಿನ್

ಎಕ್ಸ್‌ಟೆನ್ಷನ್ ಬೋರ್ಡ್ ಖಂಡಿತ ಬೇಡ. ಕಂಪ್ರೆಸರ್ ಶುರುವಾಗುವ ಆ ಅರೆಕ್ಷಣ ಓಡುವಾಗಿನ ಕರೆಂಟಿಗಿಂತ ಹಲವು ಪಟ್ಟು ಎಳೆಯುತ್ತೆ. ಸಣ್ಣ ವೈರು, ಸಡಿಲ ಸಾಕೆಟ್ ಇದ್ದರೆ ಸರಿಯಾಗಿ ಆ ಹೊತ್ತಿಗೇ ವೋಲ್ಟೇಜ್ ಕುಸಿಯುತ್ತೆ. ಮೋಟಾರ್ ತಿರುಗದೆ ಬಿಸಿಯಾಗುತ್ತೆ, ಓವರ್‌ಲೋಡ್ ಕಡಿತವಾಗುತ್ತೆ, ತಣ್ಣಗಾದ ಮೇಲೆ ಮತ್ತೆ ಪ್ರಯತ್ನ. ಕೆಲವು ನಿಮಿಷಕ್ಕೊಮ್ಮೆ "ಟಕ್" ಅಂತ ಕೇಳಿಸಿದರೆ ಇದೇ. ಅತ್ತ ಬೋರ್ಡಿನೊಳಗೆ ಪಿನ್ ಕರಗುತ್ತಿರುತ್ತೆ.

ಮೇನ್ ಬೋರ್ಡಿನಿಂದ ಈ ಒಂದು ಯಂತ್ರಕ್ಕೇ ಬೇರೆ ಲೈನ್ ಎಳೆಸಿ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಸಿ ಮಾದರಿಯದು ಇರಲಿ, ಬಿ ಮಾದರಿ ಸ್ಟಾರ್ಟಿಂಗ್ ಕರೆಂಟಿಗೇ ಬೀಳಬಹುದು. ಎಷ್ಟು ಆಂಪಿಯರ್, ಎಷ್ಟು ದಪ್ಪ ವೈರ್ ಅನ್ನೋದನ್ನು ಫಲಕದ ಕರೆಂಟ್ ಮತ್ತು ವೈರಿನ ಉದ್ದ ನೋಡಿ ಎಲೆಕ್ಟ್ರಿಷಿಯನ್ ಲೆಕ್ಕ ಹಾಕಲಿ. ಅರ್ತಿಂಗ್ ಇಲ್ಲದೆ ಚಾಲೂ ಮಾಡಲೇಬೇಡಿ. ಒದ್ದೆ ನೆಲ, ಸ್ಟೀಲ್ ಮೈ, ಪಕ್ಕದಲ್ಲಿ ಸಿಂಕ್, ಇಂಥ ಕಡೆ 30 ಮಿಲಿ ಆಂಪಿಯರ್‌ನ ಲೀಕೇಜ್ ಬ್ರೇಕರ್ ಜೀವ ಉಳಿಸುತ್ತೆ. ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಿರುವ ಪ್ಲಗ್ ಕಂಡರೆ ಅಲ್ಲೇ ಬಿಚ್ಚಿ ಬದಲಿಸಿ.

ವೋಲ್ಟೇಜ್ ಅಳೆಯುವಾಗ ಕಂಪ್ರೆಸರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ, ಸಾಕೆಟ್ ಹತ್ತಿರವೇ ಅಳೆಯಿರಿ. ಸಾಮಾನ್ಯವಾಗಿ ಶೇ. 10ರ ಏರಿಳಿತ ತಡೆಯುತ್ತೆ. 230 ಅಂತ ಬರೆದಿದ್ದರೆ 207ಕ್ಕಿಂತ ಇಳಿಯಬಾರದು. ಕರೆಂಟ್ ಹೋಗಿ ತಕ್ಷಣ ಬರುವ ಕಡೆ ಕನಿಷ್ಠ 3 ನಿಮಿಷ ತಡೆದು ಕೊಡುವ ಸ್ಟೆಬಿಲೈಸರ್ ಹಾಕಿ. ಕಂಪ್ರೆಸರ್‌ನ ಎರಡೂ ಬದಿಯ ಗ್ಯಾಸ್ ಒತ್ತಡ ಸಮವಾಗುವ ಮೊದಲೇ ಸ್ಟಾರ್ಟ್ ಆದರೆ ಮೋಟಾರ್ ಎದೆಗೆ ಕಲ್ಲು ಹೇರಿದ ಹಾಗೆ.

ಸಾಕೆಟ್ ಫ್ರೀಜರ್ ಹಿಂದೆ ಬೇಡ, ಪಕ್ಕದಲ್ಲಿ ಕೈಗೆ ಸಿಗುವ ಹಾಗೆ, ಸಿಂಕಿನ ನೀರು ಸಿಡಿಯದ ಎತ್ತರದಲ್ಲಿ ಇರಲಿ.

ಬೆಳ್ಳಿ_ಬೆಸುಗೆ

ಆರ್-290 ಅಂದರೆ ಪ್ರೋಪೇನ್, ಅಡುಗೆ ಗ್ಯಾಸಿನ ದಾಯಾದಿ. ಆದರೆ ಅಡುಗೆ ಗ್ಯಾಸಿಗೆ ಬೆರೆಸುವ ವಾಸನೆ ಇದಕ್ಕೆ ಇರಲ್ಲ. ಸೋರಿದರೆ ಮೂಗಿಗೆ ಗೊತ್ತಾಗಲ್ಲ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ನೆಲದ ಮಟ್ಟದಲ್ಲೇ ನಿಲ್ಲುತ್ತೆ.

ಲೆಕ್ಕ ನೋಡಿ. ಒಂದು ಘನ ಮೀಟರ್ ಗಾಳಿಗೆ ಸುಮಾರು 38 ಗ್ರಾಂ ಬೆರೆತರೆ ಹೊತ್ತಿಕೊಳ್ಳುವ ಮಟ್ಟ. ನಿಮ್ಮ 110 ಗ್ರಾಂ ಪೂರ್ತಿ ಸೋರಿದರೆ ಸುಮಾರು 3 ಘನ ಮೀಟರ್ ಗಾಳಿಯನ್ನು ಆ ಮಟ್ಟಕ್ಕೆ ತರಬಲ್ಲದು. ಗಾಳಿಯಾಡುವ ಅಡುಗೆಮನೆಯಲ್ಲಿ ಅದು ಚದುರಿ ಹೋಗುತ್ತೆ. ಆದರೆ ಕೌಂಟರ್ ಕೆಳಗಿನ ನಿಮ್ಮ ಗೂಡಿನ ಒಟ್ಟು ಅಳತೆಯೇ ಮುಕ್ಕಾಲು ಘನ ಮೀಟರ್. ಅದಕ್ಕೇ ಗೂಡನ್ನು ಬಾಗಿಲು ಹಾಕಿ ಮುಚ್ಚಬೇಡಿ, ಯಂತ್ರದ ಯಾವ ಜಾಲರಿಗೂ ಅಡ್ಡ ಇಡಬೇಡಿ. ಒಲೆ ಪಕ್ಕ ಇಡಬಹುದಾ ಅಂದರೆ, ಕೈಪಿಡಿ ಹೇಳುವ ಅಂತರ ಬಿಟ್ಟು, ನೆಲಮಟ್ಟದಲ್ಲಿ ಬರಿ ಜ್ವಾಲೆ ಇಲ್ಲದಂತೆ ನೋಡಿಕೊಂಡು ಇಡಬಹುದು. ನೆಲದ ಮೇಲಿಡುವ ಬರ್ನರ್ ಇದ್ದರೆ ಬೇಡ.

ಬಳಸುವವರು ಮಾಡಬಾರದ್ದು: ಮೈಗೆ ಡ್ರಿಲ್ ಮಾಡುವುದು, ಐಸ್ ಕೆರೆಯಲು ಚಾಕು ಸ್ಕ್ರೂಡ್ರೈವರ್ ಹಾಕುವುದು, ಒಳಗೆ ಸ್ಪ್ರೇ ಡಬ್ಬಿ ಇಡುವುದು. ಚಳಿ ಹುಟ್ಟಿಸುವ ಒಳಗಿನ ಕಾಯಿಲ್ ಬಹಳ ಸಲ ತೆಳು ಅಲ್ಯೂಮಿನಿಯಂ, ಒಂದು ಚುಚ್ಚು ಸಾಕು.

ರಿಪೇರಿಗೆ ಬರುವವರಿಗೆ ಹೈಡ್ರೋಕಾರ್ಬನ್ ತರಬೇತಿ ಆಗಿದೆಯಾ ಅಂತ ಕೇಳಿಯೇ ಒಳಗೆ ಬಿಡಿ. ಗ್ಯಾಸ್ ಹೊರತೆಗೆದು ನೈಟ್ರೋಜನ್ ಹಾಯಿಸಿದ ಮೇಲೆಯೇ ಬೆಸುಗೆ ದೀಪ ಹಚ್ಚಬೇಕು, ಕೊಳವೆ ಬಿಚ್ಚಲು ಕಟರ್ ಬಳಸಬೇಕು. ಗ್ಯಾಸಿನ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದಾಗಬೇಕು, ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ (ಕೊಳವೆಯಲ್ಲಿ ಉಳಿದ ಒತ್ತಡದ ಅಳತೆ) ಕೆಳಗೆ ಹೋಗಬೇಕು, ಆಮೇಲೆ ತಕ್ಕಡಿಯ ಮೇಲೆ ತೂಗಿ ಫಲಕದಲ್ಲಿರುವಷ್ಟೇ ಗ್ರಾಂ ತುಂಬಬೇಕು. ರಿಲೇ, ಫ್ಯಾನ್ ಹೋದರೆ ಅದೇ ಮಾದರಿಯ ಬಿಡಿಭಾಗವೇ ಬೇಕು, ಕಿಡಿ ಹೊರಗೆ ಬರದಂತೆ ಮಾಡಿರುತ್ತಾರೆ. ನಿಮ್ಮ ಹಳೆಯ 404ಎ ಯಂತ್ರಕ್ಕೆ ಯಾರಾದರೂ 290 ತುಂಬುತ್ತೀವಿ ಅಂದರೆ ಒಪ್ಪಲೇಬೇಡಿ. ಆ ಯಂತ್ರದ ಸ್ವಿಚ್ಚು, ಹೀಟರ್ ಯಾವುದೂ ಉರಿಯುವ ಗ್ಯಾಸಿಗೆ ಮಾಡಿದ್ದಲ್ಲ.

ಇನ್ನು ಖರ್ಚಾಗುತ್ತಾ ಅಂದಿರಿ. ಇಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತೆ. ಕಡಿಮೆಯಾಗಿದೆ ಅಂದರೆ ತೂತು ಇದೆ ಅಂತ. ತೂತು ಹುಡುಕದೆ ತುಂಬಿಸಿದ್ದು ರಿಪೇರಿಯೇ ಅಲ್ಲ.

ತಾಮ್ರದ_ಕೊಳವೆ

ಹಳೆಯದರ ಬಗ್ಗೆ ಕರೆ ಮಾಡುವ ಮುಂಚೆ ಪ್ಲಗ್ ತೆಗೆದು ಮೂರು ಕಡೆ ನೋಡಿ ಬರೆಯಿರಿ: ಮುಂದಿನ ಜಾಲರಿ ಬಿಚ್ಚಿ ಕಂಡೆನ್ಸರ್, ಒಳಗಡೆ ಐಸ್ ಎಲ್ಲೆಲ್ಲಿ ಕಟ್ಟಿದೆ, ಬಾಗಿಲ ರಬ್ಬರ್. ರಬ್ಬರ್‌ಗೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಸುತ್ತಲೂ ಹತ್ತು ಕಡೆ. ಬಿಗಿಯಾಗಿ ಬರಬೇಕು.

ಉಗ್ರಾಣ_ಕೀಲಿ

ನೋಡಿದೆ. ಕಂಡೆನ್ಸರ್ ಮೇಲೆ ಕಂಬಳಿ ಹೊದಿಸಿದ ಹಾಗೆ ಜಿಡ್ಡು ಧೂಳು, ಟಾರ್ಚ್ ಬೆಳಕು ಆಚೆ ಬರುತ್ತಿಲ್ಲ. ಒಳಗಿನ ಹಿಂಬದಿ ತಗಡು ಬಿಚ್ಚಿದರೆ ಕಾಯಿಲ್ ಪೂರ್ತಿ ಬಿಳಿ, ಫ್ಯಾನ್ ತನಕ ಐಸ್. ತಳದಲ್ಲೂ ಒಂದು ಹಲಗೆಯಷ್ಟು ಗಟ್ಟಿ ಐಸ್ ಇದೆ. ಕೀಲಿನ ಬದಿಯ ಕೆಳಮೂಲೆಯಲ್ಲಿ ಕಾಗದ ಸುಮ್ಮನೆ ಜಾರಿ ಬಂತು.

ತಾಮ್ರದ_ಕೊಳವೆ

ಇದು ಗ್ಯಾಸ್ ಕಮ್ಮಿಯ ಚಹರೆ ಅಲ್ಲ ಸರ್. ಗ್ಯಾಸ್ ಕಡಿಮೆಯಾದರೆ ಕಾಯಿಲ್‌ನ ಶುರುವಿನ ಒಂದೆರಡು ಸುತ್ತಿಗೆ ಮಾತ್ರ ಮಂಜು ಹಿಡಿಯುತ್ತೆ, ಉಳಿದದ್ದು ಬರಿದಾಗಿರುತ್ತೆ. ಕಂಡೆನ್ಸರ್ ಅಷ್ಟೇನೂ ಬಿಸಿಯಾಗಲ್ಲ, ಕರೆಂಟ್ ಕೂಡ ಫಲಕಕ್ಕಿಂತ ಕಡಿಮೆ ಎಳೆಯುತ್ತೆ. ನಿಮ್ಮಲ್ಲಿ ಕಾಯಿಲ್ ಉದ್ದಕ್ಕೂ ಬಿಳಿ. ಅಂದರೆ ಚಳಿ ಹುಟ್ಟುತ್ತಿದೆ, ಐಸ್ ಅಡ್ಡ ಬಂದು ಗಾಳಿ ಹಾಯದೆ ಸಾಮಾನಿಗೆ ತಲುಪುತ್ತಿಲ್ಲ.

ಸರಪಳಿ ಹೀಗೆ: ರಬ್ಬರ್ ಮೂಲೆಯಿಂದ ತೇವದ ಗಾಳಿ ಒಳಗೆ, ತೇವ ಕಾಯಿಲ್ ಮೇಲೆ ಐಸ್, ಅದನ್ನು ಕರಗಿಸಬೇಕಾದ ಡಿಫ್ರಾಸ್ಟ್ ಸೋತಿದೆ. ತಳದ ಐಸ್ ಹಲಗೆ ಹೇಳುವುದು ಕರಗಿದ ನೀರು ಹೋಗುವ ಡ್ರೈನ್ ಕಟ್ಟಿಕೊಂಡಿದೆ ಅಂತ.

ಸಾಮಾನು ಬೇರೆ ಫ್ರೀಜರ್‌ಗೆ ಹಾಕಿ, ಪ್ಲಗ್ ತೆಗೆದು, ಬಾಗಿಲು ತೆರೆದು ಐಸ್ ಪೂರ್ತಿ ಕರಗಲು ಬಿಡಿ. ಒಳಗೆ ಒಂದು ಪಾತ್ರೆ ಬಿಸಿ ನೀರು ಇಟ್ಟು, ಒದ್ದೆಯಾಗದಷ್ಟು ದೂರದಲ್ಲಿ ಟೇಬಲ್ ಫ್ಯಾನ್ ಬೀಸಿದರೆ ಬೇಗ ಆಗುತ್ತೆ. ಹೀಟ್ ಗನ್ ಬೇಡ. ಅರ್ಧ ಕರಗಿಸಿ ಚಾಲೂ ಮಾಡಿದರೆ ಎರಡು ದಿನಕ್ಕೆ ಮತ್ತೆ ಅದೇ ಕಥೆ. ಡ್ರೈನಿಗೆ ಉಗುರು ಬೆಚ್ಚಗಿನ ನೀರು ಹಾಕಿ ಕೆಳಗಿನ ತಟ್ಟೆಗೆ ಬರುತ್ತಾ ನೋಡಿ.

ಆಮೇಲೆ ಟೆಕ್ನಿಷಿಯನ್‌ಗೆ ಡಿಫ್ರಾಸ್ಟ್ ಹೀಟರ್ ಅಳೆಯಲು ಹೇಳಿ. 230 ವೋಲ್ಟ್, 300 ವಾಟ್ ಹೀಟರ್ ಆದರೆ ಸುಮಾರು 176 ಓಂ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ತಂತಿ ಒಳಗೆ ಕಡಿದಿದೆ. ಹೀಟರ್ ಸರಿ ಇದ್ದರೆ ಕಾಯಿಲ್ ಸೆನ್ಸರ್, ಕಂಟ್ರೋಲರ್‌ನ ಡಿಫ್ರಾಸ್ಟ್ ವೇಳೆ ನೋಡಬೇಕು. ಸಾಮಾನ್ಯವಾಗಿ 6 ಗಂಟೆಗೊಮ್ಮೆ ಇರುತ್ತೆ. ಡಿಫ್ರಾಸ್ಟ್ ಹೊತ್ತಲ್ಲಿ ಡಿಸ್‌ಪ್ಲೇ ಸ್ವಲ್ಪ ಏರುವುದು ಸಹಜ, ಗಾಬರಿ ಬೇಡ. ನಿಜವಾದ ಲೆಕ್ಕಕ್ಕೆ ಎರಡು ಪೊಟ್ಟಣಗಳ ನಡುವೆ ಒಂದು ಥರ್ಮಾಮೀಟರ್ ಸಿಕ್ಕಿಸಿಡಿ.

ಕಂಡೆನ್ಸರ್‌ಗೆ ಮೃದು ಬ್ರಷ್, ರೆಕ್ಕೆಗಳ ಉದ್ದಕ್ಕೆ ಮೇಲಿಂದ ಕೆಳಕ್ಕೆ, ಜೊತೆಗೆ ವ್ಯಾಕ್ಯೂಮ್. ಅಡ್ಡ ಉಜ್ಜಿದರೆ ರೆಕ್ಕೆ ಮಡಚುತ್ತೆ. ಜಿಡ್ಡಿಗೆ ಕಾಯಿಲ್‌ಗೆಂದೇ ಇರುವ ಆಸಿಡ್ ಇಲ್ಲದ ಕ್ಲೀನರ್, ಫ್ಯಾನ್ ಮೋಟಾರ್ ಮತ್ತು ವೈರಿಗೆ ಪ್ಲಾಸ್ಟಿಕ್ ಮುಚ್ಚಿ. ಒಲೆ ಪಕ್ಕದ ಯಂತ್ರಕ್ಕೆ 15 ದಿನಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ, ತಿಂಗಳಿಗೊಮ್ಮೆ ಸ್ವಚ್ಛ ಮಾಡಿ.

ಬಿಳಿ_ಗ್ಯಾಸ್ಕೆಟ್

ರಬ್ಬರ್ ಹರಿದಿಲ್ಲದಿದ್ದರೆ ಬದಲಿಸುವ ಮುಂಚೆ ಒಮ್ಮೆ ತೊಳೆಯಿರಿ: ಬೆಚ್ಚಗಿನ ನೀರು, ಸೌಮ್ಯ ಸೋಪು, ಮಡಿಕೆಯೊಳಗೆ ಹಳೆಯ ಟೂತ್‌ಬ್ರಷ್. ಆ ಮಡಿಕೆಯಲ್ಲಿ ಒಂದು ಚೂರು ಅನ್ನ ಒಣಗಿ ಕೂತಿದ್ದರೂ ಆಯಸ್ಕಾಂತ ಚೌಕಟ್ಟಿಗೆ ಅಂಟಲ್ಲ. ಬ್ಲೀಚ್ ಹಾಕಬೇಡಿ, ರಬ್ಬರ್ ಗಡುಸಾಗುತ್ತೆ, ಸ್ಟೀಲಿಗೂ ಚುಕ್ಕಿ ಚುಕ್ಕಿ ತುಕ್ಕು ಬರುತ್ತೆ. ಕೀಲು ಇಳಿದು ಬಾಗಿಲು ವಾಲಿದ್ದರೆ ಹೊಸ ರಬ್ಬರ್ ಹಾಕಿದರೂ ಅದೇ ಮೂಲೆ ಸೋರುತ್ತೆ, ಮೊದಲು ಕೀಲು ಸರಿಪಡಿಸಿ. ಹೊಸದು ಪೆಟ್ಟಿಗೆಯಲ್ಲಿ ಮಡಚಿ ಬಂದಿರುತ್ತೆ, ಬಿಸಿ ನೀರಲ್ಲಿ ಹತ್ತು ನಿಮಿಷ ಬಿಟ್ಟರೆ ನೆಟ್ಟಗಾಗುತ್ತೆ. ನಾಲ್ಕು ಮೂಲೆ ಮೊದಲು ಒತ್ತಿ, ಆಮೇಲೆ ನಡುವೆ.

ಬಾಗಿಲು ಮುಚ್ಚಿದ ಕೂಡಲೇ ಮತ್ತೆ ತೆರೆಯಲು ಬಿಗಿಯಾದರೆ ಅದು ದೋಷವಲ್ಲ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿರುತ್ತೆ. ಒಂದು ನಿಮಿಷ ಕಾಯಿರಿ, ರಬ್ಬರ್ ಹಿಡಿದು ಜಗ್ಗಬೇಡಿ.

ಉಗ್ರಾಣ_ಕೀಲಿ

ಹೀಟರ್ ಕಡಿದಿತ್ತು, ಬದಲಾಯಿತು. ಕೀಲು ಬಿಗಿ ಮಾಡಿ ರಬ್ಬರ್ ತೊಳೆದ ಮೇಲೆ ಕಾಗದ ಎಲ್ಲ ಕಡೆ ಬಿಗಿ. ಗ್ಯಾಸ್ ಮುಟ್ಟದೆ ಈಗ ಮೈನಸ್ 19. ಆದರೆ ಕಂಪ್ರೆಸರ್ ಫಲಕಕ್ಕಿಂತ ಕೊಂಚ ಹೆಚ್ಚು ಕರೆಂಟ್ ಎಳೆಯುತ್ತಿದೆ ಅಂದರು. ಕಂಡೆನ್ಸರ್ ಈಗ ಸ್ವಚ್ಛವಾಗೇ ಇದೆ.

ಬೆಳ್ಳಿ_ಬೆಸುಗೆ

ವರ್ಷ ವರ್ಷ ಗೇಜ್ ನೋಡಿ ಅಂದಾಜಿಗೆ ತುಂಬಿಸಿದ್ದರಿಂದ ಈಗ ಹೆಚ್ಚಾಗಿರುವ ಸಾಧ್ಯತೆಯೇ ಜಾಸ್ತಿ. ಸ್ಟಾರ್ಟಿಂಗ್ ವೋಲ್ಟೇಜ್, ಕಂಡೆನ್ಸರ್ ಫ್ಯಾನ್ ಎರಡೂ ಸರಿ ಇದ್ದರೆ ಇದ್ದ ಗ್ಯಾಸನ್ನು ಸಿಲಿಂಡರಿಗೆ ವಾಪಸ್ ಎಳೆದುಕೊಂಡು, ಫಲಕದ ತೂಕಕ್ಕೆ ಹೊಸದಾಗಿ ತೂಗಿ ತುಂಬಿಸಿ. ಅದೇ ದಿನ, ತುಂಬಿಸಲು ಕೊಳವೆಗೆ ಕಚ್ಚಿಸಿರುವ ಪುಟ್ಟ ವಾಲ್ವ್‌ಗೆ ಸೋಪಿನ ನೊರೆ ಹಚ್ಚಿ ನೋಡಲು ಹೇಳಿ. ಅದು ಕಾಲಕ್ರಮೇಣ ತಾನೇ ಸೋರುತ್ತೆ. ಗುಳ್ಳೆ ಎದ್ದರೆ ಅದನ್ನು ತೆಗೆಸಿ ಬೆಸುಗೆಯಿಂದ ಮುಚ್ಚಿಸಿ. ಏಳದಿದ್ದರೂ ಒಳಗೆ ವಾಷರ್ ಇರುವ ಹಿತ್ತಾಳೆ ಕ್ಯಾಪ್ ಹಾಕಿಸಿ.